ಸಡ್ಡಕರ ರೇಣುಕಾಸಾಗರ

ಸವದತ್ತಿ ತಾಲೂಕಿನವರಿಗೆ ನೀರು ಹಿಡಿದಿಡುವ ವಿದ್ಯೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಬರೀ ಉಸುಕಿನಲ್ಲಿ ಕೊಡ ಮಾಡಿ ಮಲಪ್ರಭೆಯ ನೀರು ತುಂಬಿಕೊಂಡು ಹೋಗುತ್ತಿದ್ದ ರೇಣುಕಾದೇವಿಯ ಗುಡ್ಡ ಇಲ್ಲೇ ಇದೆ. ಅದು ಪುರಾಣ ಎನ್ನುವವರಿಗೆ ನವಿಲುತೀರ್ಥದಲ್ಲಿ ಗುಡ್ಡಕ್ಕೆ ಗುಡ್ಡ ಜೋಡಿಸಿ ಕಟ್ಟಿದ ಅಣೆಕಟ್ಟಿದೆ. ಅದರ ಹಿಂದಿನ ರೇಣುಕಾಸಾಗರ ತುಂಬಿ ನಿಂತರೆ 37.73 ಟಿಎಂಸಿ. ಇಂಥ ತಾಲೂಕಿನಲ್ಲಿ ಐವತ್ನಾಲ್ಕು ಲೀಟರ್ ನೀರು ನಿಲ್ಲಿಸಲಾಗದೆ ನಡುರಾತ್ರಿ ಎದ್ದು, ಮದುವೆಯಲ್ಲಿ ಆಯೇರಿ ಬಂದ ಸೊಲ್ಲಾಪುರದ ಚಾದರದಿಂದ ನೆಲ ಒರೆಸಿದ ಮನುಷ್ಯ ಒಬ್ಬರೇ. ಅವರು ನಮ್ಮ ಸಡ್ಡಕರು.

ಒಂದೇ ಮನೆಯ ಅಕ್ಕ-ತಂಗಿಯರನ್ನು ಮಾಡಿಕೊಂಡ ಇಬ್ಬರು ಗಂಡಸರು ಸಾಯುವತನಕ ಒಬ್ಬರನ್ನೊಬ್ಬರು ಅಳೆಯುತ್ತಲೇ ಇರಬೇಕು ಎಂಬುದು ನಮ್ಮ ಕಡೆಯ ಕರಾರು. ಅವರು ದೊಡ್ಡ ಅಳಿಯ, ನಾನು ಸಣ್ಣ ಅಳಿಯ. ಹಬ್ಬದಲ್ಲಿ ಹೋಳಿಗೆ ಮೊದಲು ಬೀಳುವುದು ಅವರ ತಾಟಿಗೆ. ಆದ್ದರಿಂದ ಮುಂದೆ ಬರೆದದ್ದರಲ್ಲಿ ಪೂರ್ತಿ ನ್ಯಾಯವನ್ನು ಯಾರೂ ಬಯಸಬಾರದು.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಡ್ಡಕರು ಮೊದಲು ಯೋಗ ಹಿಡಿದರು, ಬಿಟ್ಟರು. ಆಮೇಲೆ ತಾರಸಿಯ ಮೇಲೆ ಬದನಿ ಹಚ್ಚಿದರು, ಮಂಗಗಳು ತಿಂದವು. ಮೂರನೆಯದಾಗಿ ಮೊಬೈಲಿನಲ್ಲಿ ತಕಾಶಿ ಅಮಾನೋ ಎಂಬ ಜಪಾನಿನ ಮಹಾಶಯ ಮಾಡಿಟ್ಟ ಮೀನಿನ ತೊಟ್ಟಿಗಳನ್ನು ನೋಡಿದರು. ಈ ಅಮಾನೋ ಮೊದಲು ಸೈಕಲ್ ರೇಸಿನ ವೃತ್ತಿಯಲ್ಲಿದ್ದವನು, ಆಮೇಲೆ ಕ್ಯಾಮೆರಾ ಹಿಡಿದವನು. 1982ರಲ್ಲಿ ಸ್ವಂತ ಕಂಪನಿ ಕಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಗುಡ್ಡ, ಕಣಿವೆ, ಹುಲ್ಲುಗಾವಲು ಎಬ್ಬಿಸಿ ಜಗತ್ತಿಗೇ ಹುಚ್ಚು ಹಿಡಿಸಿ, 2015ರಲ್ಲಿ ತೀರಿಕೊಂಡ. ಪ್ಲಾಸ್ಟಿಕ್ಕಿನ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಕಪ್ಪೆ, ನೀಲಿ ಬಣ್ಣದ ಹರಳು — ಇವೆಲ್ಲ ಇಲ್ಲದೆ ಬರೀ ಜೀವಂತ ಗಿಡ, ಕಲ್ಲು, ಮೀನು. "ಇಷ್ಟ ಏನು? ನಾನೂ ಮಾಡ್ತೀನಿ" ಅಂದರು ಸಡ್ಡಕರು. ಈ "ಇಷ್ಟ ಏನು" ಎಂಬ ಮಾತಿನಿಂದ ಬೆಳಗಾವಿ ಜಿಲ್ಲೆಯಲ್ಲಿ ಎಷ್ಟು ಹೊಲ, ಎಷ್ಟು ಹೋಟೆಲು ಮುಳುಗಿವೆಯೋ ಲೆಕ್ಕ ಇಟ್ಟವರಿಲ್ಲ.

ಪೆಟ್ಟಿಗೆ ಎರಡು ಫೂಟು ಉದ್ದ, ಒಂದು ಫೂಟು ಅಗಲ, ಒಂದು ಫೂಟು ಎತ್ತರ. ಗಾಜು ತಂದು ತಾವೇ ಸಿಲಿಕಾನ್ ಬಳಿದು ಜೋಡಿಸಿದರು. ಅದು ಚೆನ್ನಾಗಿ ಒಣಗಲು ಎರಡು ಮೂರು ದಿನ ಬಿಡಬೇಕು. ಸಡ್ಡಕರು ಸಂಜೆ ಬಳಿದು ರಾತ್ರಿ ನೀರು ತುಂಬಿದರು. ಚಾದರದ ಪ್ರಸಂಗ ಅದು. ರೇಣುಕಾದೇವಿಯ ಉಸುಕಿನ ಕೊಡ ಮನಸ್ಸಿನ ಏಕಾಗ್ರತೆಯಿಂದ ನಿಲ್ಲುತ್ತಿತ್ತು. ಬಳಿಯುವಾಗ ಒಂದು ಕಣ್ಣು ಐಪಿಎಲ್ ಮೇಲೆ ಇದ್ದವರ ಕೆಲಸ ಹೇಗೆ ನಿಂತೀತು? ಎರಡನೇ ಸಲ ಹುಬ್ಬಳ್ಳಿಯಿಂದ ಸಿದ್ಧ ಪೆಟ್ಟಿಗೆಯನ್ನೇ ತಂದರು. ತಂದು ಟಿವಿಯ ಪ್ಲೈವುಡ್ ಸ್ಟ್ಯಾಂಡಿನ ಮೇಲೆ ಇಡಹೊರಟಾಗ ಅಕ್ಕನವರು, ಅಂದರೆ ಅವರ ಹೆಂಡತಿ, ಅಡ್ಡ ಬಂದರು. ಅವರಿಗೆ ಲೆಕ್ಕ ಗೊತ್ತು: ಲೀಟರಿಗೆ ಒಂದು ಕಿಲೋದಂತೆ ನೀರೇ ಐವತ್ತರ ಮೇಲೆ, ಗಾಜು, ಉಸುಕು, ಕಲ್ಲು ಸೇರಿದರೆ ಒಂದು ಚೀಲ ಜೋಳದ ಭಾರಕ್ಕೆ ಸಮೀಪ. ಕಬ್ಬಿಣದ ಸ್ಟ್ಯಾಂಡು ಬಂತು. ಗಾಜಿನ ತಳ ಎಲ್ಲೂ ಎತ್ತರ-ತಗ್ಗಾಗದಂತೆ ಕೆಳಗೆ ಥರ್ಮೊಕೋಲ್ ಹಾಳೆ ಬಂತು. ವಾಸ್ತು ಪ್ರಕಾರ ಈಶಾನ್ಯಕ್ಕಿಡಿ ಎಂದು ಬೀಗರೊಬ್ಬರು ಹೇಳಿದರು. ಈಶಾನ್ಯದಲ್ಲಿ ದೇವರ ಜಗುಲಿ ಇತ್ತು. ಎಲ್ಲಮ್ಮನ ಊರಿನಲ್ಲಿ ಎಲ್ಲಮ್ಮನನ್ನು ಸರಿಸಿ ಮೀನು ಕೂಡಿಸುವಷ್ಟು ಧೈರ್ಯ ನಮ್ಮ ಸಡ್ಡಕರಿಗೂ ಇಲ್ಲ.

ಕಲ್ಲಿನ ಕಥೆ ಇನ್ನೊಂದು. ಜಪಾನಿನವರು ಕಲ್ಲನ್ನು ಬೆಸ ಸಂಖ್ಯೆಯಲ್ಲೇ ಜೋಡಿಸುತ್ತಾರೆ: ಮೂರು, ಐದು, ಏಳು. ಸಡ್ಡಕರು ಬಚ್ಚಲಮನೆಗೆ ಹಾಸಿ ಉಳಿದ ಶಹಾಬಾದ್ ಫರಸಿಯ ಚೂರುಗಳನ್ನು ತಂದರು. ಅದು ಸುಣ್ಣಗಲ್ಲು, ನೀರಿನಲ್ಲಿ ನಿಧಾನಕ್ಕೆ ಕರಗಿ ನೀರನ್ನು ಇನ್ನೂ ಗಡಸು ಮಾಡುತ್ತದೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಕಲ್ಲಿನ ಮೇಲೆ ನಿಂಬೆರಸ ಹಿಂಡಿ, ಬುರ್ ಅಂತ ನೊರೆ ಬಂದರೆ ಬಿಸಾಕಿ. ನಿಂಬೆರಸ ಹಿಂಡಿದ ಮೇಲೆ ಸಡ್ಡಕರ ಮುಖದ ಮೇಲೂ ಅದರ ಹುಳಿ ಕಂಡಿತು. ಆಮೇಲೆ ಊರ ಹೊರಗಿನ ಗುಡ್ಡದ ಬುಡದಿಂದ ಮೂರು ಕೆಂಪು-ಬೂದು ಕಲ್ಲು ತಂದರು. ಮಲಪ್ರಭೆ ಸೀಳಿಕೊಂಡು ಹೋಗುವ ಈ ಗುಡ್ಡಗಳದ್ದು ಮರಳುಗಲ್ಲು, ಬೆಣಚಿನ ಜಾತಿ. ನಿಂಬೆರಸಕ್ಕೆ ಜಗ್ಗುವುದಿಲ್ಲ, ನೀರಿನೊಳಗೆ ಎಷ್ಟು ವರ್ಷ ಬೇಕಾದರೂ ತೆಪ್ಪಗಿರುತ್ತದೆ. ಮೂರನ್ನೂ ಬಹಳ ಚಿಂತನೆ ಮಾಡಿ, ಒಂದು ದೊಡ್ಡದು, ಒಂದು ವಾಲಿದ್ದು, ಒಂದು ಸಣ್ಣದು ಎಂದು ಜೋಡಿಸಿ, ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗ ನಮ್ಮ ಅತ್ತೆ ಒಳಗೆ ಬಂದರು.

"ಅಳಿಯಾರ, ಒಲಿ ಹೂಡೀರಿ ಖರೆ. ಬೆಂಕಿ ಯಾವಾಗ ಹಚ್ಚಾವ್ರು?"

ಜಪಾನಿನ ಕಲೆಗೆ ಸವದತ್ತಿಯಲ್ಲಿ ಸಿಕ್ಕ ಮೊದಲ ವಿಮರ್ಶೆ ಇದು. ಇವತ್ತಿಗೂ ಆ ಮೂರು ಕಲ್ಲು ನೋಡಿದರೆ ನನಗೆ ಕಾಣುವುದು ಒಲೆಯೇ.

ಮಣ್ಣಿನ ವಿಷಯದಲ್ಲಿ ಮಾತ್ರ ಸಡ್ಡಕರು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿಯಲ್ಲಿ ಅಕ್ವೇರಿಯಂ ಮಣ್ಣು ಎಂದು ಕರಿ ಗುಳಿಗೆಗಳನ್ನು ಚೀಲದಲ್ಲಿ ತುಂಬಿ ಮಾರುತ್ತಾರೆ. ಬೆಲೆ ಕೇಳಿದರೆ ಅರ್ಧ ಗುಂಟೆ ಹೊಲ ನೆನಪಾಗುತ್ತದೆ. ಆದರೆ ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಎಂಬ ಹೆಣ್ಣುಮಗಳು 1999ರಲ್ಲಿ ಒಂದು ಪುಸ್ತಕ ಬರೆದು, ಸಾದಾ ಮಣ್ಣನ್ನೇ ತಳಕ್ಕೆ ಹಾಕಿ ಮೇಲೆ ಉಸುಕು ಮುಚ್ಚಿದರೆ ಸಾಕು, ಗಿಡಕ್ಕೆ ಬೇಕಾದ ಗೊಬ್ಬರವೂ ಇಂಗಾಲದ ಡೈ ಆಕ್ಸೈಡೂ ಅಲ್ಲಿಂದಲೇ ಸಿಗುತ್ತದೆ ಎಂದು ತೋರಿಸಿಕೊಟ್ಟಳು. ಸಡ್ಡಕರಿಗೆ ಇಷ್ಟು ಸಾಕಾಯಿತು. "ನಮ್ಮ ಎರಿ ಹೊಲದ ಮಣ್ಣು ಜಗತ್ತಿನ್ಯಾಗ ಎಲ್ಲೂ ಇಲ್ಲ" ಎಂದು ಬುಟ್ಟಿ ತುಂಬ ಹೊತ್ತು ತಂದರು. ಎರೆಯ ಗುಣ ಹತ್ತಿ, ಕಡಲೆ, ಬಿಳಿಜೋಳಕ್ಕೆ ವರವೇ. ಅದೇ ಎರೆಗೆ ನೀರು ತಾಗಿದರೆ ಉಬ್ಬುತ್ತದೆ, ಕಾಲಿಗೆ ಮೆತ್ತಿದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಗಾಜಿನ ಪೆಟ್ಟಿಗೆಗೆ ಬಿದ್ದರೆ ವಾರಗಟ್ಟಲೆ ಕಲಕಿದ ಮಜ್ಜಿಗೆಯಂತೆ ಕೂಡುತ್ತದೆ. ಮೇಲಾಗಿ ಆ ಹೊಲಕ್ಕೆ ಯೂರಿಯಾ ಎರಚಿ ತಿಂಗಳಾಗಿರಲಿಲ್ಲ. ಯೂರಿಯಾ ನೀರಿನಲ್ಲಿ ಒಡೆದರೆ ಅಮೋನಿಯಾ; ಅಮೋನಿಯಾ ಮೀನಿಗೆ ವಿಷ.

ಕಡೆಗೆ ಹೊಂದಿದ್ದು ಮಸಾರಿ. ಗೊಬ್ಬರ, ಔಷಧಿ ಕಾಣದ ಬೀಳಿನ ಕೆಂಪು ಮಣ್ಣು ತಂದು, ಬೇರು-ಕಸ ಆರಿಸಿ, ಜರಡಿ ಹಿಡಿದು, ನೆನೆಸಿ ಒಣಗಿಸಿ, ಒಂದು ಇಂಚು ಹಾಸಿದರು. ಅದರ ಮೇಲೆ ಒಂದೂವರೆ ಇಂಚು ತೊಳೆದ ಉಸುಕು. ಉಸುಕನ್ನು ತೊಳೆಯುವುದೆಂದರೆ ನೀರು ತಿಳಿಯಾಗುವ ತನಕ, ಮತ್ತೆ ತೊಳೆ, ಮತ್ತೆ ಚೆಲ್ಲು. ಆ ವಾರ ಮನೆಯಲ್ಲಿ ಅಕ್ಕಿ ತೊಳೆದದ್ದಕ್ಕಿಂತ ಉಸುಕು ತೊಳೆದದ್ದೇ ಹೆಚ್ಚು ಎಂದು ಅಕ್ಕನವರು ಫೋನಿನಲ್ಲಿ ನನ್ನ ಹೆಂಡತಿಗೆ ವರದಿ ಕೊಟ್ಟರು.

ಈಗ ಗಿಡ. ಹುಬ್ಬಳ್ಳಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಕಪ್ಪಿನೊಳಗೆ ಬೆಳೆಸಿದ ಗಿಡಗಳನ್ನು ತೋರಿಸಿದರು. ಒಂದರ ಎಲೆ ಕುಂಕುಮದ ಹಾಗೆ ಕೆಂಪು. ಹೆಸರು ರೋಟಾಲಾ ಮ್ಯಾಕ್ರಾಂಡ್ರಾ. ಇದು ಬ್ರೆಜಿಲಿನದೋ ಜಪಾನಿನದೋ ಎಂದು ಸಡ್ಡಕರು ಭಕ್ತಿಯಿಂದ ಮುಟ್ಟಿದರು. ಅದರ ತವರು ನಮ್ಮದೇ ಪಶ್ಚಿಮ ಘಟ್ಟದ ಸೀಮೆ! ಲ್ಯಾಜನಾಂಡ್ರಾ ಮೀಬೋಲ್ಡಿ ಎಂಬ ಇನ್ನೊಂದು ಚೆಲುವೆಯೂ ಘಟ್ಟದ ಹಳ್ಳದ ದಂಡೆಯವಳೇ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಅದೇ ಘಟ್ಟದಲ್ಲಿದೆ. ನಮ್ಮ ಹಳ್ಳದ ಗಿಡ ಯುರೋಪಿನ ತೊಟ್ಟಿಗಳಲ್ಲಿ ಮೆರೆದು, ಕಪ್ಪಿನೊಳಗೆ ಕೂತು, ಹುಬ್ಬಳ್ಳಿಗೆ ಬಂದಾಗ ನಾವು ಅದಕ್ಕೆ ಫಾರಿನ್ ಎಂದು ಕೈ ಮುಗಿಯುತ್ತೇವೆ. ನಮ್ಮ ಹುಡುಗರು ಕ್ಯಾಲಿಫೋರ್ನಿಯಾದಿಂದ ಬಂದಾಗ ಮಾಡುವುದೂ ಇದನ್ನೇ ಅಲ್ಲವೆ?

ಆ ಕೆಂಪು ಸುಂದರಿಗೆ ಮೆದು ನೀರು, ಜೋರು ಬೆಳಕು, ಮೇಲಿಂದ ಇಂಗಾಲದ ಡೈ ಆಕ್ಸೈಡು ಬೇಕು. ಸಡ್ಡಕರು ಸಿಲಿಂಡರಿನ ಬೆಲೆ ಕೇಳಿ ಹಿಂದೆ ಸರಿದು, ಮನೆಯಲ್ಲೇ ಯುಕ್ತಿ ಮಾಡಿದರು: ಬಾಟಲಿಯಲ್ಲಿ ಬೆಲ್ಲದ ನೀರು, ಒಂದು ಚಿಮಟಿ ಯೀಸ್ಟು, ಮುಚ್ಚಳಕ್ಕೆ ಸಲಾಯಿನ್ ನಳಿಗೆ, ನಳಿಗೆಯ ತುದಿ ನೀರಿನೊಳಗೆ. ಯೀಸ್ಟು ಬೆಲ್ಲ ತಿಂದು ಅನಿಲ ಬಿಡುತ್ತದೆ; ಇದು ಸುಳ್ಳಲ್ಲ, ಜಗತ್ತಿನಾದ್ಯಂತ ಬಡ ಮೀನುಪ್ರೇಮಿಗಳು ಮಾಡುವ ಉಪಾಯ. ಆದರೆ ಯೀಸ್ಟು ಅನಿಲದ ಜತೆಗೆ ಇನ್ನೊಂದನ್ನೂ ತಯಾರಿಸುತ್ತದೆ. ನಾಲ್ಕನೇ ದಿನಕ್ಕೆ ಪಡಸಾಲೆಯಲ್ಲಿ ಹುಳಿಬೆಲ್ಲದ ಘಮ ಎದ್ದಿತು. ಸಂಜೆ ಬಂದ ಅತ್ತೆ ಬಾಗಿಲಲ್ಲೇ ನಿಂತು ಮೂಗು ಅರಳಿಸಿ, ಬಾಟಲಿ ನೋಡಿ, ಅಳಿಯನನ್ನು ನೋಡಿ, "ಪಿಂಚಣಿ ಸಾಲವಲ್ದೇನು, ಭಟ್ಟಿ ಇಳಿಸಾಕ ಕುಂತೀರಲ್ಲ?" ಅಂದರು. ಬಾಟಲಿ ಅಂದೇ ಹಿತ್ತಲು ಸೇರಿತು. ಹೋದದ್ದು ಒಳ್ಳೆಯದೇ ಆಯಿತು. ರಾತ್ರಿ ಬೆಳಕಿಲ್ಲದಾಗ ಗಿಡಕ್ಕೆ ಆ ಅನಿಲ ಬೇಡ. ಬಾಟಲಿಗೆ ಬಂದ್ ಮಾಡುವ ಗುಂಡಿಯೂ ಇರುವುದಿಲ್ಲ. ನೀರಿನಲ್ಲಿ ಅದು ತುಂಬಿಕೊಂಡರೆ ಬೆಳಗಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ನಮ್ಮ ಬೋರಿನ ಗಡಸು ನೀರಿಗೆ ಹೇಳಿ ಮಾಡಿಸಿದ ಗಿಡ ಬೇರೆಯೇ ಇದೆ. ರಿಬ್ಬನ್ನಿನಂತೆ ಉದ್ದುದ್ದ ಎಲೆ ಬಿಡುವ ವ್ಯಾಲಿಸ್ನೇರಿಯಾ. ಅದು ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನಿಂದಲೇ ಇಂಗಾಲ ಕಿತ್ತುಕೊಳ್ಳಬಲ್ಲದು. ಗಡಸು ನೀರೆಂದರೆ ಅದಕ್ಕೆ ಹುಗ್ಗಿ ಊಟ. ನಮ್ಮ ಕೆರೆ-ಕಾಲುವೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಅದರ ಜೋಡಿ ಹೈಡ್ರಿಲ್ಲಾ. ಹೈಸ್ಕೂಲಿನಲ್ಲಿ ಗಾಜಿನ ಆಲಿಕೆ ಬೋರಲು ಹಾಕಿ, ಮೇಲೆ ಪ್ರನಾಳ ಇಟ್ಟು, ಬಿಸಿಲಿಗೆ ಹಿಡಿದು ಆಮ್ಲಜನಕದ ಗುಳ್ಳೆ ತೋರಿಸಿದ ಅದೇ ಹೈಡ್ರಿಲ್ಲಾ. ಪರೀಕ್ಷೆಯಲ್ಲಿ ಚಿತ್ರ ಬರೆದು ಐದು ಅಂಕ ಗಿಟ್ಟಿಸಿ ಮರೆತುಬಿಟ್ಟಿದ್ದೆವು. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ತಜ್ಞ 1850ರ ಸುಮಾರಿಗೆ ಮೀನು-ಗಿಡ ಒಂದನ್ನೊಂದು ಸಾಕಬಲ್ಲವು ಎಂದು ಲೋಕಕ್ಕೆ ತೋರಿಸಿದ್ದೂ ಇದೇ ವ್ಯಾಲಿಸ್ನೇರಿಯಾದಿಂದ. ಒಂದು ತೊಟ್ಟಿ, ಬಂಗಾರದ ಮೀನು, ಈ ಗಿಡ. ಎಲೆ ಕೊಳೆತು ನೀರು ಕೆಡತೊಡಗಿದಾಗ ಆತ ಬಸವನಹುಳು ಬಿಟ್ಟ. ಅವು ಕೊಳೆತದ್ದನ್ನು ತಿಂದವು. ಆದರೂ ಸಡ್ಡಕರು ಕೆಂಪು ಸುಂದರಿಯನ್ನು ಬಿಡಲಾರದೆ ತಂದು ನೆಟ್ಟರು. ಕ್ರಿಪ್ಟೊಕೊರೈನ್ ಎಂಬುದನ್ನೂ ನೆಟ್ಟರು. ವಾರದೊಳಗೆ ಎರಡೂ ಕರಗಿದವು. ನರ್ಸರಿಯಲ್ಲಿ ಗಾಳಿಯಲ್ಲಿ ಬೆಳೆದ ಎಲೆ ನೀರಿನೊಳಗೆ ಉಳಿಯುವುದಿಲ್ಲ, ಕ್ರಿಪ್ಟೊಕೊರೈನಿಗಂತೂ ಜಾಗ ಬದಲಾದರೆ ಸಾಕು, ಸಿಟ್ಟು ಮಾಡಿಕೊಂಡು ಎಲೆ ಉದುರಿಸುತ್ತದೆ. ಬೇರು ಕೀಳದೆ ಬಿಟ್ಟರೆ ತಿಂಗಳಲ್ಲಿ ಹೊಸ ಎಲೆ ಬರುತ್ತದೆ. ಕ್ರಿಪ್ಟೊಕೊರೈನ್ ಬಂತು. ಸುಂದರಿ ಬರಲಿಲ್ಲ.

ಇಷ್ಟಾದ ಮೇಲೆ ಬಂದದ್ದು ಸಡ್ಡಕರ ಜೀವನದ ಅತ್ಯಂತ ಅವಮಾನದ ತಿಂಗಳು. ಗಿಡವಿದೆ, ನೀರಿದೆ, ಬೆಳಕಿದೆ, ಮೀನಿಲ್ಲ. ಹೊಸ ತೊಟ್ಟಿಗೆ ಕೂಡಲೇ ಮೀನು ಬಿಡಬಾರದು. ಮೀನಿನ ಹೊಲಸು, ಉಳಿದ ಕೂಳು, ಕೊಳೆತ ಎಲೆ ಎಲ್ಲವೂ ಅಮೋನಿಯಾ ಆಗುತ್ತದೆ. ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಕ್ಕೆ ಊಟ. ಈ ಎರಡು ಪಂಗಡಗಳು ಸ್ಪಂಜಿನ ಫಿಲ್ಟರಿನಲ್ಲಿ, ಉಸುಕಿನಲ್ಲಿ, ಕಲ್ಲಿನ ಮೈಮೇಲೆ ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಬೋರಿನ ಕ್ಷಾರದ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣ, ಹಾಗಾಗಿ ನಮ್ಮ ಕಡೆ ಅವಸರ ಮಾಡಿದವರು ಮೀನನ್ನು ಹಿತ್ತಲಲ್ಲಿ ಹೂಳುವುದನ್ನೂ ಕಲಿತಿರಬೇಕು. ಸಡ್ಡಕರು ಕಾದರು. ಓಣಿಯವರು ನೋಡಲು ಬಂದರು. ಬಂದವರೆಲ್ಲ ಗಾಜಿಗೆ ಮೂಗು ಹಚ್ಚಿ ಮೂಲೆ ಮೂಲೆ ಹುಡುಕಿ, ಚಾ ಕುಡಿದು, ಒಂದೇ ಪ್ರಶ್ನೆ ಕೇಳಿದರು.

"ಮೀನಾ ಎಲ್ಯಾವ?"

"ಇನ್ನೂ ಬ್ಯಾಕ್ಟೀರಿಯಾ ತಯಾರ ಆಗಾಕತ್ತಾವ್ರಿ."

ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. "ನೀರಾಗ ಹುಳಾ ಆಗ್ಯಾವಂತ ಚೆಲ್ಲೂದು ಕಂಡೀವಿ. ಹುಳಾ ಆಗ್ಲಿ ಅಂತ ಕಾಯ್ಕೋತ ಕೂಡೂದು ಇದ ಮೊದಲ ನೋಡಪಾ."

ಮೀನು ಆರಿಸುವಾಗ ಸಡ್ಡಕರ ಕಣ್ಣು ಬಿದ್ದದ್ದು ಮಿಸ್ ಕೇರಳದ ಮೇಲೆ. ಅಕ್ಕನವರು ಹುಬ್ಬು ಏರಿಸುವ ಮೊದಲು ಹೇಳಿಬಿಡುತ್ತೇನೆ, ಅದು ಮೀನಿನ ಹೆಸರು. ಮೈಮೇಲೆ ಕೆಂಪು ಗೆರೆ, ಬಾಲಕ್ಕೆ ಹಳದಿ-ಕಪ್ಪು ಪಟ್ಟಿ. ಶಾಸ್ತ್ರದಲ್ಲಿ ಸಹ್ಯಾದ್ರಿಯಾ ಡೆನಿಸೋನಿ. ಪಶ್ಚಿಮ ಘಟ್ಟದ ತಂಪು ಹೊಳೆಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಹುಟ್ಟದ ಜೀವ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅಲಂಕಾರಕ್ಕೆಂದು ಹಿಡಿದು ಮಾರಿದ್ದೂ ಅದಕ್ಕೆ ಒಂದು ಕಾರಣ. ಅರ್ಧ ಗೇಣು ಬೆಳೆಯುತ್ತದೆ, ಗುಂಪಿನಲ್ಲಿ ಓಡಾಡುತ್ತದೆ, ಹರಿಯುವ ತಂಪು ನೀರು ಬೇಡುತ್ತದೆ. ಎರಡು ಫೂಟಿನ ಬಿಸಿ ತೊಟ್ಟಿಗೆ ಅದನ್ನು ತರುವುದು, ಓಟದ ಕುದುರೆಯನ್ನು ಬಚ್ಚಲಲ್ಲಿ ಕಟ್ಟಿದಂತೆ. ಅಂಗಡಿಯವನು ಇನ್ನೊಂದನ್ನೂ ತಲೆಗೆ ಕಟ್ಟಲು ನೋಡಿದ: "ಸಕರ್ ಫಿಶ್ ಒಯ್ರಿ ಸರ್, ಗಾಜಿನ ಪಾಚಿ ಎಲ್ಲಾ ನೆಕ್ಕಿ ಸ್ವಚ್ಛ ಮಾಡ್ತದ." ಬೆರಳುದ್ದ ಇದ್ದಾಗ ಮಾಡುತ್ತದೆ. ಆಮೇಲೆ ಒಂದು ಫೂಟು ದಾಟಿ ಬೆಳೆದು ಗಿಡ ಕೀಳುತ್ತದೆ. ಸಾಕಲಾರದವರು ಪುಣ್ಯ ಬರಲಿ ಎಂದು ಒಯ್ದು ಕೆರೆಗೆ, ಹೊಳೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಚಿಪ್ಪುಮೈಯ ಪ್ರಾಣಿ ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಹೀಗೆಯೇ ನೆಲೆಯೂರಿ, ಮೀನುಗಾರರ ಬಲೆ ಹರಿಯುತ್ತ ಕೂತಿದೆ. ರೇಣುಕಾಸಾಗರದ ದಂಡೆಗೆ ಯಾರಾದರೂ ಪ್ಲಾಸ್ಟಿಕ್ ಚೀಲದಲ್ಲಿ ಸಾಕಿದ ಮೀನು ಹಿಡಿದು ಹೊರಟದ್ದು ಕಂಡರೆ, ಚಾ ಕುಡಿಸಿಯಾದರೂ ಮನೆಗೆ ವಾಪಸ್ ಕಳಿಸಿ.

ಕಡೆಗೆ ಬಂದವು ಗಪ್ಪಿ. ಗಡಸು ನೀರು ಅವಕ್ಕೆ ಬಾಧಕವಲ್ಲ. ಬಾಲ ಇಳಕಲ್ ಸೀರೆಯ ಸೆರಗಿಗೆ ಸಡ್ಡು ಹೊಡೆಯುವಂಥದ್ದು. ಅತ್ತೆ ಕೂಡ ಮೊದಲ ಸಲ, "ಚಂದ ಅದಾವ ಬಿಡ್ರಿ" ಎಂದರು.

ಅಲ್ಲಿಂದಲೇ ಸಂಕಟ ಶುರು. ಚಂದ ಎನಿಸಿದವರಿಗೆ ಊಟ ಹಾಕದೆ ಬಿಡುವುದು ನಮ್ಮ ನಾಡಿನವರಿಗೆ ಗೊತ್ತಿಲ್ಲ. ಸವದತ್ತಿಯಲ್ಲಿ "ಸಾಕು" ಎನ್ನುವ ಮಾತಿಗೆ ಬೆಲೆ ಇಲ್ಲ. ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ರೊಟ್ಟಿ ಬೀಳುತ್ತದೆ. ಮೀನಿಗೆ ಅಡ್ಡ ಹಿಡಿಯಲು ಕೈಯೂ ಇಲ್ಲ. ಬೆಳಿಗ್ಗೆ ಸಡ್ಡಕರು ಒಂದು ಚಿಮಟಿ ಹಾಕುತ್ತಿದ್ದರು. ಅವರು ಪೇಪರ್ ತರಲು ಹೋದಾಗ ಅಕ್ಕನವರು ಒಂದು ಚಿಮಟಿ. ಶಾಲೆಯಿಂದ ಬಂದ ಮೊಮ್ಮಗ ಒಂದು. ಹಾಲಿನವನು ಬಾಗಿಲಲ್ಲೇ ನಿಂತು, "ನಾನೂ ಒಂಚೂರು ಹಾಕ್ಲೇನ್ರಿ?" ಅತ್ತೆ ಮಾತ್ರ ಅಂಗಡಿಯ ಗುಳಿಗೆಯನ್ನು ನಂಬಲಿಲ್ಲ, ಕಟಕ ರೊಟ್ಟಿಯನ್ನು ಪುಡಿ ಮಾಡಿ, ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿ ಹಾಕುತ್ತಿದ್ದರು.

"ಅತ್ತಿ, ಬ್ಯಾಡ್ರಿ."

"ಪಾಪ, ನನ್ನ ನೋಡಿದ ಕೂಡ್ಲೇ ಬಾಯಿ ಬಿಡ್ತಾವ."

"ಅವು ಉಸುರಾಡೂದ ಹಂಗ್ರಿ."

"ಹಸಿದವರೂ ಹಂಗ ಉಸುರಾಡ್ತಾರ."

ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಸಲ. ಬೆಳೆದ ಮೀನಿಗೆ ಇಷ್ಟೇ. ಉಳಿದದ್ದು ತಳಕ್ಕೆ ಬಿದ್ದು ಅಮೋನಿಯಾ. ಮೀನು ಸಾಕುವವರ ಮನೆಯಲ್ಲಿ ಹಸಿವಿನಿಂದ ಸತ್ತ ಮೀನು ಅಪರೂಪ; ಅತಿಥಿ ಸತ್ಕಾರದಿಂದ ಸತ್ತವೇ ಹೆಚ್ಚು. ಈ ಕಡೆಯವರಿಗೆ ಮೀನಿಗೆ ತಿನ್ನಿಸುವ ಚಪಲ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಬೇಕು ಎಂದು ಅರಸು ಕೂತು ಬರೆದಿದ್ದಾನೆ. ಆಗ ನಮ್ಮ ಸವದತ್ತಿ ಸುಗಂಧವರ್ತಿ. ಆಳುತ್ತಿದ್ದ ರಟ್ಟರು ಆ ಚಾಲುಕ್ಯರ ಮಾಂಡಲಿಕರು. ಈ ವಿಷಯ ಹೇಳಿದ ನಾನೇ ಕೆಟ್ಟೆ. ಅತ್ತೆ ಎದೆಯುಬ್ಬಿಸಿ, "ನೋಡ್ರಿ, ರಾಜ್ರ ಹಾಕ್ತಿದ್ರು" ಎಂದರು. ಅರಸು ತಿನ್ನಿಸುತ್ತಿದ್ದದ್ದು ಕೊಬ್ಬಿಸಿ ಗಾಳ ಹಾಕುವುದಕ್ಕೆ ಎಂಬ ಮುಂದಿನ ವಾಕ್ಯವನ್ನು ಕೇಳಲು ಅವರು ಅಲ್ಲಿರಲಿಲ್ಲ. ಅಡುಗೆಮನೆಗೆ ರೊಟ್ಟಿ ತರಲು ಹೋಗಿದ್ದರು.

ಅಮೋನಿಯಾ, ನೈಟ್ರೈಟ್, ಪಟ್ಟಿ ಅದ್ದಿ ಬಣ್ಣ ನೋಡುವುದು ಯಾವುದೂ ನಡೆಯಲಿಲ್ಲ. ನಡೆದದ್ದು ಅಕ್ಕನವರ ಒಂದು ಮಾತು. ಒಂದು ಶುಕ್ರವಾರ ಅತ್ತೆ ರೊಟ್ಟಿಪುಡಿ ಹಿಡಿದು ಬಂದಾಗ ಅವರು ತಣ್ಣಗೆ, "ಅವ್ವಾ, ಇವತ್ತ ಮೀನ ವಾರ ಹಿಡಿದಾವ" ಅಂದರು. ಅತ್ತೆಯ ಕೈ ಅಲ್ಲೇ ನಿಂತಿತು. ಮಂಗಳವಾರ, ಶುಕ್ರವಾರ ತಾವೂ ಒಪ್ಪತ್ತು ಇರುವವರು. ವಾರ ಹಿಡಿದವರ ಬಾಯಿಗೆ ತುತ್ತು ಹಾಕಿ ಪಾಪ ಕಟ್ಟಿಕೊಳ್ಳುವ ಹೆಂಗಸಲ್ಲ. "ಮದ್ಲ ಹೇಳಬಾರದೇನವ್ವ" ಎಂದು ಪುಡಿಯನ್ನು ಗುಬ್ಬಿಗೆ ಚೆಲ್ಲಿದರು. ನೀರು ಆ ತಿಂಗಳಿನಿಂದ ತಿಳಿಯಾಗತೊಡಗಿತು. ವಾರಕ್ಕೊಂದು ದಿನ ಮೀನಿಗೆ ಕೂಳು ಹಾಕಬಾರದೆಂದು ತಿಳಿದವರೂ ಹೇಳುತ್ತಾರೆ. ಆದರೆ ಅವರ ಬಾಯಲ್ಲಿ ಅಷ್ಟು ತೂಕ ಬರುವುದಿಲ್ಲ.

ಪಾಚಿಯ ಬಗ್ಗೆ ಬಹಳ ಹೇಳುವುದಿಲ್ಲ. ಕಿಟಕಿಯ ಬಿಸಿಲು ನೇರ ಬೀಳುವಲ್ಲಿ ಪೆಟ್ಟಿಗೆ ಇಟ್ಟರೆ ಮೀನಿನ ಬದಲು ಹಸಿರು ಪಾಯಸ ಸಾಕಬೇಕಾಗುತ್ತದೆ. ಸಡ್ಡಕರು ಕಿಟಕಿಗೆ ಪಡದೆ ಹಾಕಿ, 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿಗೆ ಟೈಮರ್ ಕಟ್ಟಿ, ದಿನಕ್ಕೆ ಆರೇಳು ತಾಸಿಗೆ ಇಳಿಸಿದರು. ಅರ್ಧ ಪಾಚಿ ತಾನೇ ಹೋಯಿತು. ಬಸವನಹುಳು ಗಿಡದ ಜತೆ ಕರೆಯದೆ ಬಂದವು, ಕರೆಯದೆ ಬಂದ ನೆಂಟರಂತೆ ಹೆಚ್ಚಿದವು. ಕೂಳು ಕಡಿಮೆಯಾದ ಕೂಡಲೇ ಅವೂ ಕಡಿಮೆಯಾದವು.

ಏಪ್ರಿಲ್-ಮೇ ಬಂದಾಗ ಮಾತ್ರ ಸಡ್ಡಕರ ಮುಖ ನೋಡಬೇಕು. ಹೊರಗೆ ನಲವತ್ತರ ಹತ್ತಿರದ ಬಿಸಿಲು, ಮೇಲೆ ಆರ್‌ಸಿಸಿ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ರಾತ್ರಿ ಗಿಡಗಳೂ ಆಮ್ಲಜನಕ ಕೊಡುವುದು ಬಿಟ್ಟು ತಿನ್ನುವ ಕಡೆ ಸೇರಿಕೊಳ್ಳುತ್ತವೆ. ಆ ಹೊತ್ತಿಗೇ ಕರೆಂಟು ಹೋಗುತ್ತದೆ. ಪಂಪು ನಿಂತರೆ ಸ್ಪಂಜಿನೊಳಗಿನ ಬ್ಯಾಕ್ಟೀರಿಯಾಕ್ಕೂ ಅಪಾಯ. ತಿಂಗಳುಗಟ್ಟಲೆ ಕಾದು ಸಂಪಾದಿಸಿದ ಸಂಸಾರ ಒಂದು ರಾತ್ರಿಯಲ್ಲಿ ಹೋದೀತು. ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಅದರ ಬ್ಯಾಟರಿ ಮುಪ್ಪಾಗಿ, ಅತ್ತೆಯ ಧಾರಾವಾಹಿ, ಫ್ಯಾನು, ಮೀನಿನ ಪಂಪು ಮೂರನ್ನೂ ಹೊರಲಾರದ ಸ್ಥಿತಿ. ಯಾವುದನ್ನು ಬಿಡಬೇಕೆಂಬ ಪ್ರಶ್ನೆ ಎದ್ದಾಗ ಧಾರಾವಾಹಿಯ ಪರ ಒಂದು ಮತ, ಪಂಪಿನ ಪರ ಒಂದು ಮತ. ಫ್ಯಾನು ಆರಿತು. ಎಲ್ಲರೂ ಬೆವರಿದರು, ಸೊಸೆಯನ್ನು ಅತ್ತೆ ಕಾಡಿದ್ದನ್ನು ನಮ್ಮ ಅತ್ತೆ ನೋಡಿದರು, ಮೀನುಗಳು ಉಳಿದವು. ಮರುದಿನವೇ ಸಡ್ಡಕರು ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಏರ್ ಪಂಪು ತಂದರು. ಪೆಟ್ಟಿಗೆಯ ಬಾಯಿಗೆ ಕಂಪ್ಯೂಟರಿನ ಹಳೆಯ ಪುಟ್ಟ ಫ್ಯಾನು ಕಟ್ಟಿದರು. ನೀರಿನ ಮೇಲೆ ಗಾಳಿ ಆಡಿದರೆ ಆವಿಯಾಗುತ್ತಾ ಒಂದೆರಡು ಡಿಗ್ರಿ ಇಳಿಯುತ್ತದೆ. ನಮ್ಮ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಹಾಗೆಯೇ ಎಂದು ಅತ್ತೆ ಹೇಳಿದಾಗ, ಮೊದಲ ಸಲ ದೊಡ್ಡ ಅಳಿಯ ತಲೆ ಅಲ್ಲಾಡಿಸಿ ಒಪ್ಪಿದರು.

ಆವಿಯಾಗಿ ಹೋಗುವುದು ನೀರು ಮಾತ್ರ. ಸುಣ್ಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟು ಬೋರಿನ ನೀರು ಸುರಿಯುತ್ತಲೇ ಹೋದರೆ ಗಡಸು ಏರುತ್ತದೆ. ಅದಕ್ಕೆ ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಹೊಸದು ಹಾಕಬೇಕು. ನಲ್ಲಿ ನೀರಾದರೆ ಅದರ ಕ್ಲೋರಿನ್ ಹಾರಿಹೋಗಲು ಒಂದು ದಿನ ಬಕೆಟಿನಲ್ಲಿ ಬಿಡಬೇಕು. ತೆಗೆದ ನೀರನ್ನು ಚೆಲ್ಲಬೇಡಿ. ನೈಟ್ರೇಟು ತುಂಬಿದ ಆ ನೀರು ಕುಡಿದು ಸಡ್ಡಕರ ಹಿತ್ತಲಿನ ಮಲ್ಲಿಗೆ ಈ ವರ್ಷ ಬಿಟ್ಟಷ್ಟು ಎಂದೂ ಬಿಟ್ಟಿರಲಿಲ್ಲ. ಜನ ಈಗ ಮೀನಿಗಿಂತ ಮಲ್ಲಿಗೆಯನ್ನೇ ಕೇಳಿಕೊಂಡು ಬರುತ್ತಾರೆ. ಸಡ್ಡಕರು ಅವರಿಗೆ ಮೊದಲು ಮೀನು ತೋರಿಸಿ, ನೈಟ್ರೇಟಿನ ಪಾಠ ಮುಗಿಸಿ, ಆಮೇಲೆ ಹೂವು ಕೊಡುತ್ತಾರೆ.

ಇಷ್ಟೊಂದು ಯಶಸ್ಸು ನನ್ನಂಥ ಸಣ್ಣ ಅಳಿಯನಿಗೆ ಸಹಿಸಲಸಾಧ್ಯ. ಆದರೆ ದೇವರು ದೊಡ್ಡವನು. ಗಪ್ಪಿಗೆ ಮರಿ ಹಾಕುವ ಗುಣ ಕೊಟ್ಟಿದ್ದಾನೆ. ಹೆಣ್ಣು ಗಪ್ಪಿ ತಿಂಗಳಿಗೊಂದು ಸಲ ಮರಿ ಹಾಕುತ್ತದೆ, ಅದೂ ಡಜನ್ನುಗಟ್ಟಲೆ. ಒಂದು ಸಲ ಕೂಡಿದರೆ ಸಾಕು, ಮುಂದಿನ ಕೆಲವು ತಿಂಗಳ ಬಸಿರಿಗೆ ಬೇಕಾದುದನ್ನು ಒಳಗೇ ಇಟ್ಟುಕೊಂಡಿರುತ್ತದೆ. ಗಂಡು ಮೀನನ್ನೆಲ್ಲ ಬೇರೆ ಮಾಡಿ ಸಡ್ಡಕರು ಗೆದ್ದೆ ಅಂದುಕೊಂಡ ಮರುತಿಂಗಳೂ ಮರಿ. ಮದುವೆ, ಮನೆಶಾಂತಿ, ಮಗುವಿನ ಹೆಸರಿಡುವುದು — ಯಾವ ಕಾರ್ಯಕ್ಕೆ ಕರೆದರೂ ಸಡ್ಡಕರು ಹಾರ್ಲಿಕ್ಸ್ ಬಾಟಲಿಯಲ್ಲಿ ಗಪ್ಪಿ ಹಿಡಿದು ಬರತೊಡಗಿದರು. ಜನ ಕರೆಯುವುದು ಕಡಿಮೆ ಮಾಡಿದರು.

ಅಷ್ಟರಲ್ಲಿ ಮಳೆಗಾಲ, ಡೆಂಗಿಯ ಭಯ. ಮನೆ ಮನೆಯ ನೀರಿನ ಟಾಕಿ ನೋಡಲು ಬಂದ ಆಶಾ ಕಾರ್ಯಕರ್ತೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಸೊಳ್ಳೆಯ ಮರಿಹುಳು ತಿನ್ನಲೆಂದು ಆರೋಗ್ಯ ಇಲಾಖೆ ಗಪ್ಪಿ, ಗ್ಯಾಂಬೂಸಿಯಾ ಬಿಡುವುದು ಹಳೆಯ ಪದ್ಧತಿ. ಅವೂ ಪರದೇಶಿಗಳೇ, ಹೊಳೆಗೆ-ಕೆರೆಗೆ ಬಿಡುವಂಥವಲ್ಲ. ನಾಲ್ಕು ಗೋಡೆಯ ಸಿಮೆಂಟ್ ಟಾಕಿಯೊಳಗೆ ಮಾತ್ರ. "ನಮಗ ಒಂದಿಷ್ಟು ಕೊಡ್ತೀರೇನ್ರಿ ಅಣ್ಣಾರ? ಓಣಿ ಟಾಕಿಗೆ ಬಿಡತೀನಿ" ಎಂದರು. ಸಡ್ಡಕರು ಕಣ್ಣು ತುಂಬಿಕೊಂಡು, ಕೈಲಿ ಎತ್ತಿ ಎತ್ತಿ, ಬಿಂದಿಗೆ ತುಂಬಿಸಿ ಕೊಟ್ಟರು. ಮೇಲೆ ಒಂದು ಡಬ್ಬಿ ಗುಳಿಗೆಯನ್ನೂ ಮುಂದೆ ಹಿಡಿದರು.

"ಕೂಳು ಬ್ಯಾಡ್ರಿ ಅಣ್ಣಾರ," ಎಂದರು ಆ ತಂಗಿ. "ಇವಕ್ಕ ಏನೂ ಹಾಕಬಾರದು. ಹಸಿದಿದ್ರ ಹುಳಾ ತಿಂತಾವ."

ಬಾಗಿಲ ಬಳಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು.

"ಯವ್ವಾ, ಏಳೂ ದಿನಾ ವಾರ ಹಿಡಿಸ್ತೀಯೇನು?"